ಮುಟ್ಟಾಳೆ ಇಲ್ಲದೆ ಹೋದ ದ್ವೀಪ

(ಕುಂಬಳೆ ಸಮೀಪದ ಗ್ರಂಥಾಲಯವೊಂದರಲ್ಲಿ ಮೇ ತಿಂಗಳ ಕೊನೆಯ ಭಾನುವಾರ ಆಡಿದ ಮಾತಿನ ಬರಹ ರೂಪ. ನಡುವೆ ಕರೆಂಟು ಹೋದದ್ದರಿಂದ ಚಿತ್ರ ತೋರಿಸಲಾಗದೆ ಬಾಯಲ್ಲೇ ಹೇಳಿದ ಭಾಗವನ್ನು ಇಲ್ಲಿ ಸ್ವಲ್ಪ ಉದ್ದ ಮಾಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇಲ್ಲಿ ಕುಳಿತವರಲ್ಲಿ ಅರ್ಧದಷ್ಟು ಮಂದಿ ಒಂದು ಕಾಲದಲ್ಲಿ ನನ್ನ ಕ್ಲಾಸಿನಲ್ಲಿ ಕುಳಿತವರೇ. ಹಾಗಾಗಿ ಹಿಂದಿನ ಸಾಲಿನವರು ಏನು ಮಾಡುತ್ತಿದ್ದೀರಿ ಎಂದು ನನಗೆ ಈಗಲೂ ಕಾಣುತ್ತದೆ, ಫೋನು ಕೆಳಗಿಡಿ.

ಆಮಂತ್ರಣದಲ್ಲಿ ‘ವಿದೇಶ ಪ್ರವಾಸದ ಅನುಭವ’ ಎಂದು ಹಾಕಿಸಿದ್ದಾರೆ. ನಾನು ಹೋದದ್ದು ಪ್ರವಾಸಕ್ಕೆ ಅಲ್ಲ, ಬಾಣಂತನಕ್ಕೆ. 2019ರ ಏಪ್ರಿಲಿನಲ್ಲಿ, ಇಂಗ್ಲೆಂಡಿನ ನ್ಯೂಕಾಸಲ್ ಎಂಬ ಊರಿಗೆ. ಪೆಟ್ಟಿಗೆಯಲ್ಲಿ ಮೆಂತೆ, ಒಣಶುಂಠಿ, ಬಾಣಂತಿ ಲೇಹ್ಯ, ಪುನರ್ಪುಳಿ ಸಿಪ್ಪೆ, ಕೊಬ್ಬರಿ ಎಣ್ಣೆ ಎಲ್ಲ ತುಂಬಿಸಿದ ಮೇಲೆ, ಮಗುವನ್ನು ಮೀಯಿಸಲಿಕ್ಕೆಂದು ಒಂದು ಒಳ್ಳೆಯ ಅಗಲದ ಅಡಿಕೆ ಹಾಳೆಯನ್ನೂ ಇಟ್ಟಿದ್ದೆ. ಮಗಳು ಫೋನಿನಲ್ಲಿ, “ಅಮ್ಮಾ, ಏರ್‌ಪೋರ್ಟಿನಲ್ಲಿ ಅದೇನೆಂದು ಕೇಳಿದರೆ ಇಂಗ್ಲಿಷಿನಲ್ಲಿ ನೀನೇ ವಿವರಿಸಬೇಕು” ಎಂದಳು. ತೆಗೆದು ಅಟ್ಟಕ್ಕೆ ಹಾಕಿದೆ. ಆ ಹಾಳೆಯನ್ನು ನೆನಪಿನಲ್ಲಿಡಿ, ಆಮೇಲೆ ಅದರ ಅಗತ್ಯ ಬರುತ್ತದೆ.

ನ್ಯೂಕಾಸಲ್ ನದಿಯ ಮೇಲಿನ ಊರು. ಟೈನ್ ಎಂಬ ನದಿ, ಅದರ ಮೇಲೆ 1928ರಲ್ಲಿ ತೆರೆದ ದೊಡ್ಡ ಉಕ್ಕಿನ ಸೇತುವೆ. ಆಸ್ಪತ್ರೆಯಿಂದ ಮಗುವನ್ನು ಕರಕೊಂಡು ಬಂದ ವಾರ, ಔಷಧ ತರಲೆಂದು ಅಳಿಯನ ಜೊತೆ ಆ ಕಡೆ ಹೋದಾಗ ಸೇತುವೆಯ ಕಬ್ಬಿಣದ ತೊಲೆಗಳ ಮೇಲೆ ಬಿಳಿ ಹಕ್ಕಿಗಳು ಸಾಲಾಗಿ ಕುಳಿತು ಕಿರುಚುತ್ತಿದ್ದವು. ರೆಕ್ಕೆಯ ತುದಿ ಮಾತ್ರ ಶಾಯಿಯಲ್ಲಿ ಅದ್ದಿದಂತೆ ಕಪ್ಪು. ಕೆಳಗೆ ರಸ್ತೆ, ಹೋಟೆಲು, ಬಸ್ಸು. ಅಳಿಯ ಹೆಸರು ಹೇಳಿದ: ಕಿಟ್ಟಿವೇಕ್. ಅದು ಕೂಗುವುದೇ ಹಾಗಂತೆ, ಕಿಟ್ಟಿ-ವೇಕ್, ಕಿಟ್ಟಿ-ವೇಕ್. ನನಗೆ ನಗು ಬಂತು. ನಮ್ಮಲ್ಲಿ ಕೃಷ್ಣನನ್ನು ಕಿಟ್ಟಿ ಅನ್ನುತ್ತೇವಲ್ಲ, ಈ ಹಕ್ಕಿ ಅರ್ಧ ಕನ್ನಡದಲ್ಲಿ ಅರ್ಧ ಇಂಗ್ಲಿಷಿನಲ್ಲಿ “ಕಿಟ್ಟೀ, ಏಳು” ಎಂದು ಎಬ್ಬಿಸುತ್ತಿತ್ತು. ಮಗುವಿಗೆ ಇನ್ನೂ ಹೆಸರಿಟ್ಟಿರಲಿಲ್ಲ. ಆ ದಿನದಿಂದ ನನ್ನ ಬಾಯಲ್ಲಿ ಅವನು ಕಿಟ್ಟಿ. ಈಗಲೂ ಹಾಗೆಯೇ, ಶಾಲೆಯ ಹೆಸರು ಬೇರೆ ಇದೆ.

ಈ ಕಿಟ್ಟಿವೇಕ್ ವರ್ಷದ ಬಹುಪಾಲು ನಡುಗಡಲಿನಲ್ಲೇ ಇರುವ ಹಕ್ಕಿ. ಚಳಿಗಾಲವಿಡೀ ಅಟ್ಲಾಂಟಿಕ್‌ನ ನಡುವೆ. ಅಂಥದ್ದು ಮೊಟ್ಟೆ ಇಡಲು ಪೇಟೆಯೊಳಗೆ ಏಕೆ ಬಂತು? ಅದಕ್ಕೆ ಬೇಕಾದದ್ದು ಕಡಿದಾದ ಗೋಡೆ, ಅದರಲ್ಲಿ ಅಂಗೈಯಗಲದ ಒಂದು ಅಂಚು, ನರಿಗೆ ಇಲಿಗೆ ಏರಲು ಆಗದ ಎತ್ತರ. ಸಮುದ್ರದ ಬಂಡೆಯಾದರೂ ಆಯಿತು, ಸೇತುವೆಯ ತೊಲೆಯಾದರೂ ಆಯಿತು. ಕಡಲಿನಿಂದ ಇಷ್ಟು ಒಳಗೆ ಬಂದು ಕಿಟ್ಟಿವೇಕ್ ಗೂಡು ಕಟ್ಟುವ ಜಾಗ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ ಎಂದು ಅಲ್ಲಿನವರಿಗೆ ಹೆಮ್ಮೆ. ಹಿಕ್ಕೆ ಬೀಳುವ ಅಂಗಡಿಯವರಿಗೆ ಹೆಮ್ಮೆ ಸ್ವಲ್ಪ ಕಡಿಮೆ.

ಅವತ್ತು ಸೇತುವೆಯ ಕೆಳಗೆ ನಿಂತು ನನಗೆ ಹೊಳೆದದ್ದನ್ನೇ ಇವತ್ತು ಹೇಳುವುದು. ಕಡಲ ಹಕ್ಕಿಗೆ ನೆಲ ಬೇಡ. ಊಟ ನೀರಿನಲ್ಲಿ, ನಿದ್ದೆ ನೀರಿನಲ್ಲೋ ಗಾಳಿಯಲ್ಲೋ. ಮೊಟ್ಟೆಯನ್ನು ಮಾತ್ರ ನೀರಿನ ಮೇಲೆ ಇಡಲು ಆಗುವುದಿಲ್ಲ. ಆ ಒಂದು ಕಾರಣಕ್ಕೆ ವರ್ಷದಲ್ಲಿ ಮೂರು ನಾಲ್ಕು ತಿಂಗಳು ನೆಲಕ್ಕೆ ಬರಬೇಕು. ನೆಲದಲ್ಲಿ ಅದಕ್ಕೆ ನಡೆಯಲು ಸರಿಯಾಗಿ ಬರುವುದಿಲ್ಲ, ಅಡಗಲು ಗೊತ್ತಿಲ್ಲ. ಹೆರಿಗೆಗೆ ತವರಿಗೆ ಬಂದವಳ ಹಾಗೆ, ಇನ್ನೊಬ್ಬರ ಕೈಯಲ್ಲಿ. ನಾನು ಆ ತಿಂಗಳುಗಳಲ್ಲಿ ಇದ್ದದ್ದೇ ಬಾಣಂತಿ ಕೋಣೆಯಲ್ಲಿ, ಅದಕ್ಕೇ ಎಲ್ಲ ಹಾಗೆ ಕಂಡಿತೋ ಏನೋ.

ಜೂನ್ ಮೊದಲ ವಾರ ಅಳಿಯ ಹೇಳಿದ, “ಅತ್ತೆ, ನೀವು ಬಂದು ಎರಡು ತಿಂಗಳಾಯಿತು, ಅಡುಗೆಮನೆ ಬಿಟ್ಟು ಏನೂ ನೋಡಲಿಲ್ಲ. ಫಾರ್ನ್ ದ್ವೀಪಕ್ಕೆ ಹೋಗುವ.” ಮಗಳೂ ಅಟ್ಟಿದಳು. ಒಂದು ದಿನ ನನ್ನ ಕಷಾಯದಿಂದ ಬಿಡುಗಡೆ ಸಿಗಲಿ ಎಂದು ಅವಳ ಲೆಕ್ಕ.

ನಮ್ಮಲ್ಲಿ ಜೂನ್ ಎಂದರೆ ಕೊಡೆ, ಗೊರಬೆ. ಅಲ್ಲಿ ಆಗ ಬೇಸಿಗೆ ಕಣ್ಣುಬಿಡುವ ಹೊತ್ತು. ರಾತ್ರಿ ಒಂಬತ್ತೂವರೆಗೆ ಸೂರ್ಯ ಮುಳುಗುವುದು, ಬೆಳಗ್ಗೆ ನಾಲ್ಕೂವರೆಗೆ ಮತ್ತೆ ಹಾಜರು. ಬೇಸಿಗೆ ಎಂದರೂ ನಾನು ಸೀರೆಯ ಮೇಲೆ ಎರಡು ಸ್ವೆಟರು ಹಾಕಿದ್ದೆ. ಸೀಹೌಸಸ್ ಎಂಬ ಸಣ್ಣ ಬಂದರಿನಿಂದ ದೋಣಿ. ದೋಣಿ ಹೊರಟು ಹತ್ತು ನಿಮಿಷಕ್ಕೆ ನನ್ನ ಹೊಟ್ಟೆ ತೊಳಸಲು ಶುರು. ಸಮುದ್ರದ ಕರೆಯಲ್ಲೇ ಹುಟ್ಟಿ ಬೆಳೆದವಳು, ಅರುವತ್ತು ವರ್ಷದಲ್ಲಿ ಒಮ್ಮೆಯೂ ಸಮುದ್ರದ ಮೇಲೆ ಹೋಗಿರಲಿಲ್ಲ ಎಂದು ಆಗ ಗೊತ್ತಾಯಿತು. ಪುನರ್ಪುಳಿ ಸಿಪ್ಪೆ ಬಾಯಿಗೆ ಹಾಕಿ ಕಣ್ಣು ಮುಚ್ಚಿ ಕುಳಿತೆ. ಪಕ್ಕದ ಬಿಳಿ ಹೆಂಗಸು ಏನದು ಎಂದು ಕೇಳಿದಳು, ಒಂದು ಚೂರು ಕೊಟ್ಟೆ. ಮುಖ ಹಿಂಡಿ, ಮತ್ತೊಂದು ಚೂರು ಕೇಳಿದಳು.

ಫಾರ್ನ್ ಎಂದರೆ ಒಂದು ದ್ವೀಪ ಅಲ್ಲ. ಇಳಿತದಲ್ಲಿ ಎಣಿಸಿದರೆ ಇಪ್ಪತ್ತಕ್ಕೂ ಮೇಲೆ, ಭರತದಲ್ಲಿ ಎಷ್ಟೋ ಮುಳುಗಿಹೋಗುತ್ತವೆ. ನಮ್ಮ ಮುರಕಲ್ಲಿನ ಹಾಗೆ ತೂತುತೂತು ಮೃದು ಕಲ್ಲಲ್ಲ, ಲಾವಾ ಜಾತಿಯ ಗಟ್ಟಿ ಕರಿಗಲ್ಲು. ಕೆಲವು ಕಡೆ ಕಂಬದ ಹಾಗೆ ಸೀಳಿ ನಿಂತಿದೆ. ಮರ ಒಂದೂ ಇಲ್ಲ. 1925ರಿಂದ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆ ನೋಡಿಕೊಳ್ಳುತ್ತದೆ. ಅವರ ರೇಂಜರುಗಳು ಮಾರ್ಚಿನಿಂದ ಚಳಿಗಾಲದವರೆಗೆ ಅಲ್ಲೇ ಇರುತ್ತಾರೆ, ನಲ್ಲಿಯ ನೀರೂ ಇಲ್ಲದ ಹಳೆಯ ಕಲ್ಲಿನ ಗೋಪುರದಲ್ಲಿ.

ದ್ವೀಪ ಕಾಣುವ ಮೊದಲು ವಾಸನೆ ಬರುತ್ತದೆ. ಒಣಮೀನಿನ ಸಂತೆಯನ್ನು ಕೋಳಿಗೂಡಿನೊಳಗೆ ನಡೆಸಿದರೆ ಹೇಗೋ ಹಾಗೆ. ಆಮೇಲೆ ಸದ್ದು. ಬಂಡೆಯ ಕಂಬಗಳ ತಲೆ ಕಪ್ಪಗೆ ಅಲುಗುತ್ತಿತ್ತು, ಹತ್ತಿರ ಹೋದರೆ ಅಷ್ಟೂ ಹಕ್ಕಿ. ಗಿಲ್ಲೆಮಾಟ್ ಎಂದು ಹೆಸರು. ಚಾಕಲೇಟು ಕಪ್ಪು ಬೆನ್ನು, ಬಿಳಿ ಎದೆ, ನೆಟ್ಟಗೆ ನಿಲ್ಲುವುದು. ಜಾತ್ರೆಯ ಬಸ್ಸಿನಲ್ಲಿ ಜನ ನಿಂತಂತೆ ಒತ್ತಿಕೊಂಡು, ಒಂದು ಚದರ ಮೀಟರಿನಲ್ಲಿ ಇಪ್ಪತ್ತು ಜೋಡಿ ಇದ್ದರೂ ಇರಬಹುದು.

ಇಲ್ಲಿಗೆ ಬಂದಾಗ ಕರೆಂಟು ಹೋಯಿತು. ಪರವಾಗಿಲ್ಲ, ಗಿಲ್ಲೆಮಾಟಿನ ಮೊಟ್ಟೆಗೆ ಪರದೆ ಬೇಡ. ನೀವೆಲ್ಲ ಗೇರುಹಣ್ಣು ನೋಡಿದವರು. ಬೀಜ ತಿರುಪಿ ತೆಗೆದ ಗೇರುಹಣ್ಣನ್ನು ಕಣ್ಣ ಮುಂದೆ ತನ್ನಿ. ಒಂದು ತುದಿ ಚೂಪು, ಇನ್ನೊಂದು ದಪ್ಪ. ಅದೇ ಆಕಾರ, ಕೋಳಿಮೊಟ್ಟೆಗಿಂತ ದೊಡ್ಡದು. ಬಣ್ಣ? ಒಂದು ನೀಲಿ-ಹಸಿರು, ಪಕ್ಕದ್ದು ಬಿಳಿ, ಅದರಾಚೆಯದ್ದು ಕಂದು, ಮೇಲೆ ಯಾರೋ ಪೆನ್ನು ಬರೆಯುತ್ತದಾ ಎಂದು ಗೀಚಿ ನೋಡಿದ ಹಾಗೆ ಕಪ್ಪು ಗೆರೆಗಳು. ಒಂದರ ಹಾಗೆ ಇನ್ನೊಂದಿಲ್ಲ. ಅಷ್ಟು ಗುಂಪಿನಲ್ಲಿ ತನ್ನದು ಯಾವುದೆಂದು ತಾಯಿಗೆ ತಿಳಿಯಬೇಕಲ್ಲ. ಗೂಡು ಎಂಬುದು ಇಲ್ಲವೇ ಇಲ್ಲ. ಒಂದು ಹುಲ್ಲುಕಡ್ಡಿಯನ್ನೂ ತಾರದೆ, ಬರೀ ಬಂಡೆಯ ಅಂಚಿನಲ್ಲಿ, ಒಂದೇ ಮೊಟ್ಟೆ.

ಆ ಆಕಾರ ಯಾಕೆ ಎಂಬುದಕ್ಕೆ ಬಹುಕಾಲದಿಂದ ಒಂದು ಉತ್ತರ ಇತ್ತು: ತಾಗಿದರೆ ನೇರ ಉರುಳಿ ಬೀಳದೆ ಗಾಣದ ಎತ್ತಿನಂತೆ ಸುತ್ತು ಹಾಕಿ ಅಲ್ಲೇ ನಿಲ್ಲುತ್ತದೆ ಎಂದು. ನಾನೂ ಹಾಗೆಯೇ ಮಕ್ಕಳಿಗೆ ಹೇಳಿಕೊಟ್ಟಿದ್ದೆ. ಷೆಫೀಲ್ಡ್ ವಿಶ್ವವಿದ್ಯಾಲಯದ ಟಿಮ್ ಬರ್ಕ್‌ಹೆಡ್ ಎಂಬವರು ಜೀವಮಾನವಿಡೀ ಈ ಹಕ್ಕಿಯ ಹಿಂದೆ ಬಿದ್ದವರು, ಅವರು ಅದನ್ನು ಒಪ್ಪಲಿಲ್ಲ. ಇಳಿಜಾರು ಬಂಡೆಯ ಮೇಲೆ ಇಟ್ಟಲ್ಲಿಂದ ಅಲುಗದೆ ಕೂರಲು ಈ ಆಕಾರವೇ ಅನುಕೂಲ, ಉದ್ದನೆಯ ಚಪ್ಪಟೆ ಬದಿ ನೆಲಕ್ಕೆ ತಾಗಿ ಹಿಡಿದಿಡುತ್ತದೆ, ಜೊತೆಗೆ ದಪ್ಪ ತುದಿ ಕೆಸರು ಹಿಕ್ಕೆಯಿಂದ ಸ್ವಲ್ಪ ದೂರ ಉಳಿಯುತ್ತದೆ ಎಂದು ಅವರ ವಾದ. ನನ್ನಿಂದ ತಪ್ಪು ಪಾಠ ಕಲಿತವರು ಇಲ್ಲಿ ಇದ್ದರೆ ತಿದ್ದಿಕೊಳ್ಳಿ, ಮಾರ್ಕು ವಾಪಸು ಕೇಳಬೇಡಿ.

ಮರಿಗೆ ಮೂರು ವಾರವಾದಾಗ, ಹಾರಲು ಬಾರದಿರುವಾಗಲೇ, ಅಪ್ಪ ಕೆಳಗೆ ನೀರಿನಲ್ಲಿ ನಿಂತು ಕರೆಯುತ್ತಾನೆ. ಮರಿ ಅಂಚಿಗೆ ಬಂದು, ಹಿಂದೆ ಹೋಗಿ, ಮತ್ತೆ ಬಂದು, ಕಡೆಗೆ ಹಾರಿಬಿಡುತ್ತದೆ. ಬಂಡೆಗೆ ಬಡಿದರೂ ಪುಟಿದು ಎದ್ದು ಓಡುವುದುಂಟು. ಅಲ್ಲಿಂದ ಮುಂದೆ ಸಾಕುವುದು ಅಪ್ಪನೇ. ನಾನು ಹೋದಾಗ ಆ ಹೊತ್ತು ಇನ್ನೂ ಬಂದಿರಲಿಲ್ಲ, ಅದು ಜೂನ್ ಕೊನೆಯ ಕತೆ.

ಶ್ಯಾಗ್ ಎಂಬ ಹಸಿರು ಕಣ್ಣಿನ ನೀರುಕಾಗೆಯನ್ನೂ ರೇಜರ್‌ಬಿಲ್‌ನ್ನೂ ನೋಡಿದೆ, ಫುಲ್ಮರನ್ನು ದೂರದಿಂದ. ದಾರಿಯಲ್ಲಿ ಬೂದು ಸೀಲ್‌ಗಳು ಬಂಡೆಯ ಮೇಲೆ ಮದುವೆ ಊಟ ಮಾಡಿ ಮಲಗಿದ ನೆಂಟರ ಹಾಗೆ ಬಿದ್ದುಕೊಂಡಿದ್ದವು. ಅವು ಮರಿ ಹಾಕುವುದು ಚಳಿ ಶುರುವಾಗುವಾಗ. ಜೂನಿನಲ್ಲಿ ಅವಕ್ಕೆ ರಜೆ.

ಮೊದಲು ಇಳಿದ ಸ್ಟೇಪಲ್ ದ್ವೀಪದಲ್ಲಿ ಪಫಿನ್. ಅದರ ಚಿತ್ರ ನೀವೆಲ್ಲ ನೋಡಿರುತ್ತೀರಿ. ಕೆಂಪು, ಹಳದಿ, ಬೂದು ಪಟ್ಟೆಯ ತ್ರಿಕೋನದ ಕೊಕ್ಕು, ಕಣ್ಣಿನ ಸುತ್ತ ಬರೆದ ಗೆರೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನವಳಿಗೆ ಇದು ಹಕ್ಕಿಯಾಗಿ ಕಾಣಲಿಲ್ಲ, ಪೂರ್ತಿ ವೇಷವೇ. ಇನ್ನೊಂದು ಸಂಗತಿ ಕೇಳಿದರೆ ನೀವೂ ಒಪ್ಪುತ್ತೀರಿ: ಮರಿ ಮಾಡುವ ಕಾಲ ಮುಗಿದ ಮೇಲೆ ಕೊಕ್ಕಿನ ಆ ಬಣ್ಣದ ತಗಡುಗಳು ಉದುರಿಹೋಗುತ್ತವೆ. ಆಟ ಮುಗಿದು ಚೌಕಿಗೆ ಹೋಗಿ ಬಣ್ಣ ತೆಗೆದಂತೆ. ಚಳಿಗಾಲದ ಪಫಿನ್ ಬೂದು ಮುಖದ ಸಾಧಾರಣ ಹಕ್ಕಿ, ಯಾರೂ ಕ್ಯಾಲೆಂಡರಿಗೆ ಹಾಕುವುದಿಲ್ಲ.

ಚಿತ್ರದಲ್ಲಿ ದೊಡ್ಡದಾಗಿ ಕಾಣುತ್ತದೆ. ನಿಜದಲ್ಲಿ ನಾನೂರು ಗ್ರಾಂ, ನಮ್ಮ ಪಾರಿವಾಳಕ್ಕಿಂತ ತುಸು ಮೇಲು. ಹುಲ್ಲಿನ ಕೆಳಗೆ ಮಣ್ಣಿನಲ್ಲಿ ಬಿಲ ತೋಡಿ ಒಂದೇ ಮೊಟ್ಟೆ ಇಡುತ್ತದೆ, ನಲ್ವತ್ತು ದಿನ ಕಾವು. ನಾನು ಹೋದಾಗ ಬಿಲಗಳಲ್ಲಿ ಮರಿ ಆಗಿತ್ತು, ಅಪ್ಪ ಅಮ್ಮ ಮೀನು ಹೊರುವ ಕೆಲಸದಲ್ಲಿದ್ದರು. ಬಾಯಲ್ಲಿ ಬೆಳ್ಳಿಯ ಕಡ್ಡಿಗಳಂತೆ ಸ್ಯಾಂಡ್‌ಈಲ್ ಎಂಬ ತೆಳು ಮೀನುಗಳು, ಅಡ್ಡಡ್ಡಕ್ಕೆ ಜೋಡಿಸಿದ್ದು. ಹತ್ತು ಮೀನು ಸಾಮಾನ್ಯ. ಬ್ರಿಟನ್ನಿನಲ್ಲಿ ಒಂದು ಹಕ್ಕಿಯ ಬಾಯಲ್ಲಿ 62 ಎಣಿಸಿದ್ದೂ ಉಂಟು. ಹನ್ನೊಂದನೆಯದ್ದನ್ನು ಹಿಡಿಯುವಾಗ ಮೊದಲಿನ ಹತ್ತು ಯಾಕೆ ಬೀಳುವುದಿಲ್ಲ? ನಾಲಗೆ ಒರಟು, ಅಂಗುಳಿನಲ್ಲಿ ಹಿಂದಕ್ಕೆ ಬಾಗಿದ ಮುಳ್ಳು. ಹಿಡಿದದ್ದನ್ನು ನಾಲಗೆ ಮೇಲಕ್ಕೆ ಒತ್ತಿ ಹಿಡಿಯುತ್ತದೆ, ಕೊಕ್ಕು ತೆರೆಯಲು ಬಿಡುವಾಗಿರುತ್ತದೆ.

ಮನೆಗೆ ಬರುವುದೇ ಕಷ್ಟ. ಗಲ್‌ಗಳು, ಅಂದರೆ ಚಳಿಗಾಲದಲ್ಲಿ ನಮ್ಮ ಕಡಪ್ಪುರದಲ್ಲೂ ಕಾಣುವ ದೊಡ್ಡ ಕಡಲ ಹಕ್ಕಿಗಳ ಜಾತಿಯವು, ಬಿಲದ ಬಾಯಲ್ಲಿ ನಿಂತು ಕಾಯುತ್ತವೆ. ಪಫಿನ್ ಎರಡು ಸುತ್ತು ಹಾರಿ ನೋಡಿ, ಧೊಪ್ಪನೆ ಇಳಿದು, ಸುಂಕ ತಪ್ಪಿಸುವವನ ಹಾಗೆ ಓಡಿ ಬಿಲಕ್ಕೆ ನುಗ್ಗಬೇಕು. ನನ್ನ ಕಾಲ ಬುಡದಲ್ಲೇ ಒಂದು ಇಳಿಯಿತು. ಮೂರು ಹೆಜ್ಜೆ ಇಟ್ಟಿತೋ ಇಲ್ಲವೋ, ಕಪ್ಪು ತಲೆಯ ಗಲ್ ಒಂದು ಎರಗಿ ಅರ್ಧ ಮೀನು ಕಿತ್ತುಕೊಂಡಿತು. ಪಫಿನ್ ಉಳಿದ ನಾಲ್ಕು ಮೀನು ಕಚ್ಚಿಕೊಂಡು ಒಳಗೆ ಹೋಯಿತು. ಒಂದು ನಿಮಿಷ ಬಿಟ್ಟು ಹೊರಗೆ ಬಂತು, ರೆಕ್ಕೆ ಕೊಡವಿತು, ಮತ್ತೆ ಕಡಲಿಗೆ. ಬೈಯಲೂ ಇಲ್ಲ, ಅಳಲೂ ಇಲ್ಲ.

ಇವನ್ನು ಎಣಿಸುವುದು ಹೇಗೆ ಗೊತ್ತೇ? ರೇಂಜರು ನೆಲದಲ್ಲಿ ಕವುಚಿ ಮಲಗಿ ಬಿಲದೊಳಗೆ ತೋಳುದ್ದ ಕೈ ಹಾಕಿ ನೋಡುತ್ತಾರೆ. ಕಚ್ಚಿದರೆ ಒಳಗೆ ಇದೆ ಎಂದು ಲೆಕ್ಕ. ಗದ್ದೆಯ ಏಡಿ ಹಿಡಿದವರಿಗೆ ಈ ವಿಧಾನ ಹೊಸದೇನಲ್ಲ. 2018ರಲ್ಲಿ ಹೀಗೆ ಲೆಕ್ಕ ಹಾಕಿದಾಗ ಫಾರ್ನ್ ದ್ವೀಪಗಳಲ್ಲಿ ಸುಮಾರು 44,000 ಜೋಡಿ ಇದ್ದವು. ಅಷ್ಟಿದ್ದೂ 2015ರಿಂದ ಪಫಿನ್ ಅಪಾಯದಲ್ಲಿರುವ ಹಕ್ಕಿಗಳ ಜಾಗತಿಕ ಪಟ್ಟಿಯಲ್ಲಿದೆ. ಕಿಟ್ಟಿವೇಕ್ 2017ರಲ್ಲಿ ಅದೇ ಪಟ್ಟಿಗೆ ಸೇರಿತು. ಎರಡಕ್ಕೂ ಅನ್ನ ಆ ಸ್ಯಾಂಡ್‌ಈಲ್. ಅದನ್ನು ಮನುಷ್ಯರು ತಿನ್ನುವುದಿಲ್ಲ, ಬಲೆ ಹಾಕಿ ಹಿಡಿದು ಮೀನುಹಿಟ್ಟು, ಎಣ್ಣೆ ಮಾಡುತ್ತಿದ್ದರು. 2024ರಿಂದ ಉತ್ತರ ಸಮುದ್ರದ ಇಂಗ್ಲೆಂಡಿನ ಪಾಲಿನಲ್ಲಿ ಅದನ್ನು ಹಿಡಿಯುವುದು ನಿಷೇಧ, ಸ್ಕಾಟ್ಲೆಂಡಿನಲ್ಲೂ ಹಾಗೆಯೇ. ಬೂತಾಯಿ ಲೋಡು ಮೀನುಹಿಟ್ಟಿನ ಫ್ಯಾಕ್ಟರಿಗೆ ಹೋಗುವುದನ್ನು ನೋಡಿದ ನಮಗೆ ಇದರ ಬಗ್ಗೆ ಜಾಸ್ತಿ ವಿವರ ಬೇಕಾಗಿಲ್ಲ. ಇಲ್ಲಿ ಮಳೆಗಾಲದ 52 ದಿನ ಟ್ರಾಲಿಂಗ್ ನಿಲ್ಲಿಸುವುದಕ್ಕೇ ಪ್ರತಿ ವರ್ಷ ಎಷ್ಟು ಚರ್ಚೆ.

ಮಧ್ಯಾಹ್ನ ಇನ್ನರ್ ಫಾರ್ನ್. ದೋಣಿಯವನು ಇಳಿಸುವ ಮೊದಲೇ ಟೋಪಿ ಹಾಕಿ ಎಂದು ಕೂಗಿ ಹೇಳಿದ. ಎಲ್ಲರೂ ಚೀಲದಿಂದ ಟೋಪಿ ತೆಗೆದರು. ನನ್ನಲ್ಲಿ ಇದ್ದದ್ದು ಉಲ್ಲನ್ ಮಫ್ಲರ್. ಮೆಟ್ಟಿಲು ಹತ್ತಿ ಹತ್ತು ಹೆಜ್ಜೆ ಇಟ್ಟಿಲ್ಲ, ನೆತ್ತಿಗೆ ಮೊಳೆ ಹೊಡೆದಂತಾಯಿತು. ಮೇಲೆ ನೋಡಿದರೆ ಬಿಳಿ ಬೂದು ಮೈ, ಕಪ್ಪು ಟೋಪಿ, ರಕ್ತದ ಬಣ್ಣದ ಕೊಕ್ಕು, ಕವಲು ಬಾಲ. ಆರ್ಕ್ಟಿಕ್ ಟರ್ನ್. ಟರ್ನ್‌ಗೆ ನಮ್ಮ ಪುಸ್ತಕಗಳಲ್ಲಿ ರೀವ ಎಂಬ ಹೆಸರಿದೆ. ತೂಕ ನೂರು ಗ್ರಾಂ ಚಿಲ್ಲರೆ. ಗಾಳಿಯಲ್ಲಿ ನಿಂತಲ್ಲೇ ನಿಂತು ಕೆಕ್ಕೆಕ್ಕೆಕ್ಕೆ ಎಂದು ಬೈದು ಎರಡನೆಯ ಸಲ ಎರಗಿತು. ಮಫ್ಲರ್ ತೂರಿ ನೆತ್ತಿಯಲ್ಲಿ ರಕ್ತ. ಆಗ ನೆನಪಾದದ್ದು ಅಟ್ಟದ ಮೇಲಿನ ಹಾಳೆ. ಅದರಿಂದ ಒಂದು ಮುಟ್ಟಾಳೆ, ಅಂದರೆ ಹಾಳೆಯ ಟೋಪಿ, ಮಾಡಿ ಇಟ್ಟುಕೊಂಡು ಬಂದಿದ್ದರೆ ಆ ದ್ವೀಪದಲ್ಲಿ ನನ್ನಷ್ಟು ಗಟ್ಟಿ ತಲೆಯವರು ಬೇರಾರೂ ಇರುತ್ತಿರಲಿಲ್ಲ. ತೋಟದಲ್ಲಿ ಒಣ ಮಡಲು ಬಿದ್ದರೂ ತಡೆಯುವ ವಸ್ತು, ಟರ್ನಿನ ಕೊಕ್ಕು ಯಾವ ಲೆಕ್ಕ.

ಅದು ಎತ್ತರದ ತುದಿಯನ್ನೇ ಕುಕ್ಕುತ್ತದೆ, ಹಾಗಾಗಿ ತಲೆಯ ಮೇಲೆ ಕೈ ಎತ್ತಿ ನಡೆಯಬಹುದು. ನಾನು ನೀರಿನ ಬಾಟಲಿ ಎತ್ತಿ ಹಿಡಿದು, ದರ್ಶನದ ಪಾತ್ರಿಯ ಹಾಗೆ ನಡುಗುತ್ತಾ ನಡೆದೆ. ಸಿಟ್ಟು ಬರಲಿಲ್ಲ. ಕಾಲುದಾರಿಯ ಹಗ್ಗದಿಂದ ಗೇಣು ದೂರದಲ್ಲಿ, ಬರೀ ನೆಲದಲ್ಲಿ ಎರಡು ಚುಕ್ಕೆಮೊಟ್ಟೆ ಇತ್ತು. ನಮ್ಮ ಕಾಜಾಣ ಗೂಡಿನ ಹತ್ತಿರ ಬಂದ ಕಾಗೆಯನ್ನು ಓಡಿಸುತ್ತದಲ್ಲ, ಹಾಗೆ. ಕಾಗೆ ನಾನು.

ಆ ನೂರು ಗ್ರಾಂ ಎಲ್ಲಿಗೆ ಹೋಗಿ ಬರುತ್ತದೆ ಕೇಳಿ. 1982ರ ಬೇಸಿಗೆಯಲ್ಲಿ ಇದೇ ಫಾರ್ನ್‌ನಲ್ಲಿ, ಇನ್ನೂ ಹಾರಲು ಬಾರದ ಒಂದು ಮರಿಯ ಕಾಲಿಗೆ ಉಂಗುರ ಹಾಕಿ ಬಿಟ್ಟರು. ಅಕ್ಟೋಬರಿನಲ್ಲಿ ಅದು ಆಸ್ಟ್ರೇಲಿಯದ ಮೆಲ್ಬರ್ನಿನಲ್ಲಿ ಸಿಕ್ಕಿತು, 22,000 ಕಿ.ಮೀ. ಆಚೆ. 2015ರಲ್ಲಿ ನ್ಯೂಕಾಸಲ್ ವಿಶ್ವವಿದ್ಯಾಲಯದವರು ಕೆಲವು ಟರ್ನ್‌ಗಳ ಕಾಲಿಗೆ ದಾರಿ ದಾಖಲಿಸುವ ಸಣ್ಣ ಸಾಧನ ಕಟ್ಟಿದರು. ಒಂದು ಹಕ್ಕಿ ಜುಲೈಯಲ್ಲಿ ಹೊರಟು, ಆಫ್ರಿಕದ ಪಶ್ಚಿಮ ಕರೆಯಲ್ಲಿ ಇಳಿದು, ಗುಡ್‌ಹೋಪ್ ಭೂಶಿರ ಸುತ್ತಿ ಹಿಂದೂ ಮಹಾಸಾಗರಕ್ಕೆ ಬಂದು, ಅಂಟಾರ್ಕ್ಟಿಕದ ಅಂಚಿಗೆ ಹೋಗಿ, ಮುಂದಿನ ಮೇ ತಿಂಗಳಲ್ಲಿ ಫಾರ್ನ್‌ಗೆ ವಾಪಸು. ಒಟ್ಟು 96,000 ಕಿ.ಮೀ. ಭೂಮಿಗೆ ಎರಡು ಸುತ್ತು ಹಾಕಿದರೂ ಇನ್ನೂ ಮಿಗುತ್ತದೆ. ಅಂದರೆ ನನ್ನ ನೆತ್ತಿ ಕುಕ್ಕಿದವಳು ನಾನು ಹುಟ್ಟಿದ ಕಡಲಿನ ನೀರನ್ನು ನನಗಿಂತ ಹೆಚ್ಚು ಕಂಡಿರಬಹುದು.

ಗಲಾಟೆಯ ನಡುವೆ ಒಂದೇ ಒಂದು ಮೌನದ ಜಾಗ ಇತ್ತು. ಪುಟ್ಟ ಕಲ್ಲಿನ ಇಗರ್ಜಿಯ ಗೋಡೆಯ ಬುಡದಲ್ಲಿ, ದಾರಿಯ ಅಂಚಿಗೇ, ಕಂದು ಬಣ್ಣದ ಒಂದು ದಪ್ಪ ಬಾತು. ಒಣ ಹುಲ್ಲಿನ ಮುದ್ದೆ ಎಂದು ದಾಟಿ ಹೋಗುತ್ತಿದ್ದೆ, ಅಳಿಯ ಕೈ ಹಿಡಿದು ನಿಲ್ಲಿಸಿದ. ಕಣ್ಣು ತೆರೆದಿತ್ತು, ನಮ್ಮನ್ನೇ ನೋಡುತ್ತಿತ್ತು, ಒಂದು ಗರಿ ಅಲುಗಲಿಲ್ಲ. ಐಡರ್ ಬಾತಿನ ಹೆಣ್ಣು. ಮೊಟ್ಟೆಯ ಸುತ್ತ ತನ್ನ ಎದೆಯಿಂದಲೇ ಕಿತ್ತ ಮೆತ್ತನೆಯ ಗರಿ, ನಮ್ಮ ಹತ್ತಿಯ ಅರಳೆಗಿಂತ ಹಗುರ. ಅದು ಕಾವಿಗೆ ಕುಳಿತರೆ ಇಪ್ಪತ್ತೈದು ದಿನ. ಅಷ್ಟೂ ದಿನ ಊಟ ಎಂಬುದಿಲ್ಲ, ನೀರಿಗೆಂದು ಎದ್ದು ಹೋದರೆ ಅದೇ ದೊಡ್ಡದು. ಏಳುವಾಗ ಮೈತೂಕದಲ್ಲಿ ಮೂರನೆಯ ಒಂದು ಪಾಲು ಕರಗಿರುತ್ತದೆ. ಗಂಡು ಚೆಂದದ ಕಪ್ಪು ಬಿಳುಪು ಹಕ್ಕಿ, ಕಾವು ಶುರುವಾದ ಮೇಲೆ ತನ್ನ ಗೆಳೆಯರ ಜೊತೆ ಕಡಲಿಗೆ. ಮರಿಗಳು ನೀರಿಗೆ ಇಳಿದ ಮೇಲೆ ಮಾತ್ರ ನಾಲ್ಕೈದು ಹೆಣ್ಣುಗಳು ಒಟ್ಟಾಗಿ ಎಲ್ಲರ ಮರಿಗಳನ್ನೂ ಸುತ್ತುವರಿದು ಕಾಯುತ್ತವೆ. ಅದರಲ್ಲಿ ಮರಿ ಇಲ್ಲದವೂ ಇರುತ್ತವೆ, ಇಂಗ್ಲಿಷಿನವರು ಅವನ್ನು ಆಂಟಿ ಎಂದೇ ಕರೆಯುತ್ತಾರೆ. ಚಿಕ್ಕಮ್ಮ ದೊಡ್ಡಮ್ಮಂದಿರ ಬಾಣಂತನ.

ಆ ದ್ವೀಪದಲ್ಲಿ ಏಳನೆಯ ಶತಮಾನದಲ್ಲಿ ಕತ್‌ಬರ್ಟ್ ಎಂಬ ಸನ್ಯಾಸಿ ಒಬ್ಬರೇ ಇದ್ದರು, 687ರಲ್ಲಿ ಅಲ್ಲೇ ತೀರಿಕೊಂಡರು. ಈ ಬಾತುಗಳನ್ನು ಯಾರೂ ಮುಟ್ಟಬಾರದು ಎಂದು ಅವರು ಕಟ್ಟು ಮಾಡಿದ್ದರೆಂಬ ನಂಬಿಕೆ ಇದೆ. ಅವರ ಹೆಸರನ್ನು ಮುದ್ದಾಗಿ ಮೊಟಕು ಮಾಡಿ ಆ ಕರಾವಳಿಯವರು ಐಡರನ್ನು ಕಡ್ಡಿ ಡಕ್ ಎನ್ನುತ್ತಾರೆ. ನಮ್ಮ ನಾಗಬನದಲ್ಲಿ ಕತ್ತಿ ಆಡಿಸಲು ಕೈ ನಡುಗುತ್ತದಲ್ಲ, ಅಂಥದ್ದೇ. ನಾನು ಆ ಬಾತಿನ ಮುಂದೆ ಎರಡು ನಿಮಿಷ ನಿಂತೆ. ರೇಂಜರ್ ಹುಡುಗಿ ಬಂದು ಮೆಲ್ಲಗೆ, ಸಾಕು, ಮುಂದೆ ಹೋಗಿ ಎಂದಳು. ಬಾಣಂತಿ ಕೋಣೆಯ ಬಾಗಿಲಲ್ಲಿ ನಿಂತ ನೆಂಟರಿಗೆ ನಾನು ಹೇಳುವ ಅದೇ ಸ್ವರ.

ಮನೆಗೆ ಬಂದು ಒಂದು ವಾರಕ್ಕೆ, ಜೂನ್ 13ಕ್ಕೆ, ಆ ದ್ವೀಪಗಳಲ್ಲಿ ಭಾರೀ ಮಳೆ. ಒಂದು ದಿನಕ್ಕೆ ಸುಮಾರು 12 ಸೆಂ.ಮೀ. ಕುಂಬಳೆಗೆ ಜುಲೈ ತಿಂಗಳಲ್ಲಿ ಅಷ್ಟು ಮಳೆ ಬಂದರೆ ಶಾಲೆಗೆ ರಜೆಯಾದರೂ ಕೊಡುತ್ತಾರಾ ಎಂದು ಮಕ್ಕಳು ಕಾಯುತ್ತಾರೆ, ಅಷ್ಟೇ. ಅಲ್ಲಿ ಬಿಲಗಳಿಗೆ ನೀರು ನುಗ್ಗಿ ಮುನ್ನೂರರಷ್ಟು ಪಫಿನ್ ಮರಿಗಳು ಸತ್ತವು. ನನ್ನ ಕಾಲ ಬುಡದಲ್ಲಿ ನಾಲ್ಕು ಮೀನು ಉಳಿಸಿಕೊಂಡು ಒಳಗೆ ಹೋದದ್ದರ ಬಿಲ ಯಾವ ಮಟ್ಟದಲ್ಲಿತ್ತು ಎಂದು ಎಷ್ಟೋ ರಾತ್ರಿ ಲೆಕ್ಕ ಹಾಕಿದ್ದೇನೆ. 2022ರಲ್ಲಿ ಅದಕ್ಕಿಂತ ಕೆಟ್ಟದ್ದು, ಹಕ್ಕಿಜ್ವರ. ರೇಂಜರುಗಳು ಬಿಳಿ ಮೈಕೋಟು ಹಾಕಿ ಆರು ಸಾವಿರಕ್ಕೂ ಹೆಚ್ಚು ಸತ್ತ ಹಕ್ಕಿಗಳನ್ನು ಹೆಕ್ಕಿದರು. ಆ ಜುಲೈಯಲ್ಲಿ ಜನ ಇಳಿಯುವುದನ್ನು ನಿಲ್ಲಿಸಿದ್ದು, ಮತ್ತೆ ಬಿಟ್ಟದ್ದು 2024ರ ವಸಂತದಲ್ಲಿ. ನಮಗೆ ಕೊರೋನ ಬಂದಾಗ ದೂರ ದೂರ ನಿಲ್ಲಿ ಎಂದರು. ಒಂದು ಚದರ ಮೀಟರಿಗೆ ಇಪ್ಪತ್ತು ಜೋಡಿ ನಿಲ್ಲುವ ಗಿಲ್ಲೆಮಾಟಿಗೆ ಹಾಗೆ ಹೇಳುವವರು ಯಾರು?

ಕರೆಂಟು ಬಂತು, ಆದರೆ ಇನ್ನು ತೋರಿಸಲಿಕ್ಕೆ ನನ್ನಲ್ಲಿ ಚಿತ್ರ ಇಲ್ಲ. ಯಾಕೆಂದರೆ ಮುಂದಿನದ್ದು ನಾನು ನೋಡದ ದ್ವೀಪ, ನಮ್ಮದೇ ಕಡಲಿನದ್ದು.

ಲಕ್ಷದ್ವೀಪದ ಕವರತ್ತಿಯಿಂದ ವಾಯವ್ಯಕ್ಕೆ ಸುಮಾರು 24 ಕಿ.ಮೀ. ದೂರದಲ್ಲಿ ಪಿಟ್ಟಿ ಎಂದು ಇದೆ, ಪಕ್ಷಿಪಿಟ್ಟಿ ಎಂದೇ ಹೆಸರು. ಹವಳದ ಕಲ್ಲು ಮತ್ತು ಮರಳಿನ ದಿಬ್ಬ, ತೆಂಗಿನ ಮರ ಒಂದೂ ಇಲ್ಲ. ವಿಸ್ತೀರ್ಣ ಮೂರು ಎಕ್ರೆ. ಇಲ್ಲಿ ಕುಳಿತವರಲ್ಲಿ ಹಲವರ ಅಡಿಕೆ ತೋಟ ಅದಕ್ಕಿಂತ ದೊಡ್ಡದು. ಆ ಮೂರು ಎಕ್ರೆಯಲ್ಲಿ ಸೂಟಿ ಟರ್ನ್, ಬ್ರೌನ್ ನಾಡಿ, ದೊಡ್ಡ ಜುಟ್ಟಿನ ಟರ್ನ್ ಗೂಡು ಮಾಡುತ್ತವೆ. 1995ರಲ್ಲಿ ಅದನ್ನು ಪಕ್ಷಿಧಾಮ ಮಾಡಿದರು. ನಾಡಿ ಎಂದರೆ ಇಂಗ್ಲಿಷಿನಲ್ಲಿ ಪೆದ್ದ. ಮನುಷ್ಯ ಹತ್ತಿರ ಹೋದರೂ ಏಳದೆ ಕುಳಿತಿರುತ್ತದೆ ಎಂದು ನಾವಿಕರು ಕೊಟ್ಟ ಹೆಸರು. ಫಾರ್ನ್ ಕಡೆಯ ಹಳಬರು ಪಫಿನ್ನಿಗೂ ಟಾಮಿ ನಾಡಿ ಎನ್ನುತ್ತಿದ್ದರಂತೆ. ನೆಲದ ಪ್ರಾಣಿಗೆ ಹೆದರಲು ಕಲಿಯದವರೆಲ್ಲ ನಮ್ಮ ಲೆಕ್ಕದಲ್ಲಿ ಪೆದ್ದರು.

ಬಿತ್ರ ಎಂಬ ಇನ್ನೊಂದು ದ್ವೀಪದ ಕತೆ ನಮಗೆ ಇನ್ನೂ ಹತ್ತಿರ. 1956 ನವೆಂಬರ್ 1ರವರೆಗೆ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ಇವೆಲ್ಲ ಮದ್ರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಕಾಸರಗೋಡೂ ಅದೇ ಜಿಲ್ಲೆ. ನನ್ನ ಅಪ್ಪನ ಕಾಲದಲ್ಲಿ ಆ ಹಕ್ಕಿಗಳಿಗೂ ನಮಗೂ ಒಬ್ಬನೇ ಕಲೆಕ್ಟರು. ಗಡಿ ಹಾಕಿದ ದಿನ ನಾವು ಒಂದು ಕಡೆ, ಅವು ಇನ್ನೊಂದು ಕಡೆ. ನಮ್ಮ ಕಡೆಯ ಗೋಳು ಎಲ್ಲರಿಗೂ ಗೊತ್ತು, ಅವುಗಳದ್ದನ್ನು ಯಾರೂ ಕೇಳಲಿಲ್ಲ. ಬಿತ್ರ ಆಗ ಕಡಲ ಹಕ್ಕಿಗಳ ಗೂಡಿನ ದ್ವೀಪವಾಗಿತ್ತು. ಚೆತ್ಲತ್, ಕಿಲ್ತಾನಿನವರು ಮೊಟ್ಟೆ ಹೆಕ್ಕಲು ದೋಣಿಯಲ್ಲಿ ಬರುತ್ತಿದ್ದರು. ಕಳೆದ ಶತಮಾನದ ನಡುವೆ ಅಲ್ಲಿ ಜನ ಖಾಯಂ ನೆಲೆಯಾದರು, ತೆಂಗು ಬಂತು, ಹಕ್ಕಿ ಹೋಯಿತು. ಜನರನ್ನು ದೂರುತ್ತಿಲ್ಲ. ಬದುಕಲು ನೆಲ ಬೇಕಲ್ಲ, ಅವರಿಗೂ. ಒಮ್ಮೆ ಹೋದದ್ದು ಮತ್ತೆ ಬಾರದು ಎಂದೂ ಅಲ್ಲ. ಇಂಗ್ಲೆಂಡಿನ ಲಂಡಿ ದ್ವೀಪದಲ್ಲಿ ಹಡಗಿನಿಂದ ಇಳಿದ ಇಲಿಗಳು ಪಫಿನ್ನನ್ನು ಹೆಚ್ಚುಕಡಿಮೆ ಮುಗಿಸಿಬಿಟ್ಟಿದ್ದವು. ಇಲಿಗಳನ್ನು ಪೂರ್ತಿ ತೆಗೆದು, 2006ರಲ್ಲಿ ದ್ವೀಪ ಇಲಿಮುಕ್ತ ಎಂದು ಸಾರಿದ ಮೇಲೆ ಹಕ್ಕಿಗಳು ನೂರಾರು ಸಂಖ್ಯೆಯಲ್ಲಿ ವಾಪಸಾದವು.

ಇಷ್ಟು ಹೇಳಿ ನಾನು ನೀರು ಕುಡಿಯುವಾಗ, ಕೊಯಿಪ್ಪಾಡಿ ಕಡಪ್ಪುರದಿಂದ ಬಂದ ಒಬ್ಬರು ಹಿಂದಿನ ಸಾಲಿನಿಂದ ಎದ್ದರು. ಮೂವತ್ತು ವರ್ಷದಿಂದ ಕಡಲಿಗೆ ಹೋಗುವವರು. “ಟೀಚರ್, ಎರಡು ವರ್ಷ ಹಿಂದೆ ಮಳೆಗಾಲದಲ್ಲಿ, ಗಾಳಿ ಜೋರಿದ್ದ ರಾತ್ರಿ, ನಮ್ಮ ದೋಣಿಗೆ ಒಂದು ಹಕ್ಕಿ ಬಂದು ಬಿತ್ತು. ಮೇಲೆ ಕಪ್ಪು, ಕೆಳಗೆ ಬಿಳಿ, ಬಾಲ ಕತ್ತರಿ. ಹಾರಲು ತ್ರಾಣ ಇರಲಿಲ್ಲ. ಬಲೆಯ ಮೇಲೆ ಗೋಣಿ ಹಾಕಿ ಕೂರಿಸಿದೆವು. ಬೆಳಗ್ಗೆ ಹೋಯಿತು. ಅದೇನಾ ಇದು?”

ಅದು ಸೂಟಿ ಟರ್ನ್ ಇರಬಹುದು ಎಂದೆ. ಮಳೆಗಾಲದ ಬಿರುಗಾಳಿಗೆ ನಡುಗಡಲಿನಿಂದ ತಳ್ಳಿಸಿಕೊಂಡು ಕೇರಳದ ಕರೆಗೆ ಬಂದು ಬೀಳುವುದುಂಟು. ಅದರ ಗರಿಗೆ ನೀರು ತಡೆಯುವ ಶಕ್ತಿ ಕಡಿಮೆ, ಕಡಲಿನ ಮೇಲೆ ಕೂರಲೂ ಆಗುವುದಿಲ್ಲ. ಮರಿ ಹಾರಲು ಕಲಿತು ಹೊರಟರೆ ಮತ್ತೆ ಗೂಡಿಗೆಂದು ನೆಲ ಮುಟ್ಟುವುದು ಹಲವು ವರ್ಷ ಕಳೆದ ಮೇಲೆ. ಅಷ್ಟೂ ಕಾಲ ಗಾಳಿಯಲ್ಲೇ. ಆದರೆ ಬ್ರೈಡಲ್ಡ್ ಟರ್ನ್ ಎಂಬ ಇನ್ನೊಂದೂ ಹಾಗೆಯೇ ಕಾಣುತ್ತದೆ. ಹಣೆಯ ಬಿಳಿ ಕಣ್ಣಿನ ಹತ್ತಿರ ನಿಂತರೆ ಸೂಟಿ, ಕಣ್ಣು ದಾಟಿ ಹುಬ್ಬಿನ ಹಾಗೆ ಹಿಂದಕ್ಕೆ ಹೋಗಿದ್ದರೆ ಬ್ರೈಡಲ್ಡ್. “ಬಿಳಿ ಎಲ್ಲಿಯವರೆಗೆ ಇತ್ತು, ನೆನಪುಂಟಾ?” ಎಂದು ಕೇಳಿದೆ.

ಅವರು ಸ್ವಲ್ಪ ಹೊತ್ತು ಯೋಚಿಸಿದರು. “ಅದರ ಹುಬ್ಬು ಯಾರು ನೋಡುತ್ತಾರೆ ಟೀಚರ್, ಆ ಗಾಳಿಯಲ್ಲಿ? ಟಾರ್ಚು ಹಾಕಿದಾಗ ನನ್ನನ್ನೇ ನೋಡುತ್ತಿತ್ತು. ಓಡಲಿಲ್ಲ.” ಆಮೇಲೆ ಕುಳಿತುಕೊಳ್ಳುತ್ತಾ, “ಈ ಸಲ ಬಂದರೆ ಫೋಟೋ ತೆಗೆಯುತ್ತೇನೆ. ನಿಮ್ಮ ವಾಟ್ಸ್ಆಪ್ ನಂಬರು ಕೊಡಿ” ಎಂದರು. ಕೊಟ್ಟಿದ್ದೇನೆ. ಮಳೆ ಶುರುವಾಗಲು ಇನ್ನು ಒಂದು ವಾರ.